ಸ್ಟುಡಿಯೋ ಮೈಕಿನಲ್ಲಿ ನನ್ನ ಸ್ವಾಗತಗೀತೆ

ನನ್ನ ಸ್ವರದ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ಫೋನಿನ ಮೇಲೆ. ಮೂಡುಬಿದಿರೆಯ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತಾ, ಪ್ರತಿ ವಾರ್ಷಿಕೋತ್ಸವದಲ್ಲೂ ಪ್ರಾರ್ಥನೆ ಹಾಡುವವಳು ನಾನು. ಅಂಥವಳ ಸ್ವರ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ, ಶೀತ ಹಿಡಿದ ಬೇರೆ ಯಾರದ್ದೋ ಹಾಗೆ ಕೇಳುತ್ತಿತ್ತು. ತಪ್ಪು ಯಂತ್ರದ್ದು. ಇದು ನನ್ನ ದೃಢ ತೀರ್ಮಾನ.

ಆದ್ದರಿಂದ ಬೆಳ್ತಂಗಡಿಯಲ್ಲಿರುವ ನನ್ನ ಅತ್ತಿಗೆ, ಅಂದರೆ ಗಂಡನ ಅಕ್ಕ, ಮಗಳ ನಿಶ್ಚಿತಾರ್ಥದ ಸುದ್ದಿ ಹೇಳಿದಾಗ ನಾನು ಫೋನಿನಲ್ಲೇ ಘೋಷಿಸಿಬಿಟ್ಟೆ: “ವರನ ಕಡೆಯವರು ಒಳಗೆ ಬರುವಾಗ ಹಾಕ್ಲಿಕ್ಕೆ ಸ್ವಾಗತಗೀತೆ ನನ್ನದು ಅತ್ತಿಗೆ. ನಾನೇ ಬರೆದು, ಹಾಡಿ, ಮನೆಯಲ್ಲೇ ರೆಕಾರ್ಡ್ ಮಾಡಿ ಕೊಡ್ತೇನೆ!”

“ಒಲೆಯಲ್ಲಿ ಹಾಲುಂಟು,” ಎಂದು ಅತ್ತಿಗೆ ಫೋನ್ ಇಟ್ಟುಬಿಟ್ಟರು. ಆನಂದ ತಡೆಯಲಾಗಲಿಲ್ಲವೇನೋ ಎಂದುಕೊಂಡೆ.

ಆನ್‌ಲೈನಿನಲ್ಲಿ ಸ್ಟುಡಿಯೋ ಮೈಕ್ ತರಿಸಿದೆ. ಅದನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯೊಂದು ಜೊತೆಗೆ ಬಂತು.

“ಫೋನಿನಲ್ಲೇ ಹಾಡಿ ಕಳಿಸಿದ್ರೆ ಸಾಕಲ್ವಾ ಮಾರಾಯ್ತಿ?” ಎಂದರು ನನ್ನವರು.

“ನಿಮಗೆ ಸೌಂಡ್ ಕ್ವಾಲಿಟಿ ಅಂದ್ರೆ ಎಂತ ಅಂತ ಗೊತ್ತುಂಟಾ?”

“ಇಲ್ಲ,” ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು ಅಡುಗೆಮನೆಗೆ ಹೋದರು. ಭಾನುವಾರದ ಅಡುಗೆ ಅವರದ್ದು.

ನಾನು ಮಲಗುವ ಕೋಣೆಯನ್ನು ಸ್ಟುಡಿಯೋ ಆಗಿ ಪರಿವರ್ತಿಸಿದೆ. ಪ್ರತಿಧ್ವನಿ ಬರಬಾರದೆಂದು ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಮನೆಯ ಅಷ್ಟೂ ಕಂಬಳಿಗಳನ್ನು ಹೊದಿಸಿ, ಅವುಗಳ ನಡುವೆ ನಿಂತೆ. ಫ್ಯಾನ್ ಬಂದ್. ಬೇಸಿಗೆ! ಉಸಿರು ಕಟ್ಟಿದ್ದರಿಂದ ಬಾಗಿಲು ಮಾತ್ರ ತೆರೆದಿಟ್ಟೆ. ಅದರ ಎದುರಿಗೇ ಅಡುಗೆಮನೆ. ಮೈಕಿನ ಒಂದು ಬದಿಯಲ್ಲಿ ಕಂಪನಿಯ ಚಂದದ ಚಿನ್ನದ ಮುದ್ರೆ ಇತ್ತು. ಯಾರಾದರೂ ಬಂದರೆ ಕಾಣಲಿ ಎಂದು ಅದನ್ನು ಬಾಗಿಲ ಕಡೆಗೆ ತಿರುಗಿಸಿದೆ.

ಹಾಡಿದೆ. ಕೇಳಿದರೆ ನನ್ನ ಸ್ವರ ಬಾವಿಯೊಳಗಿಂದ ಬಂದಂತಿತ್ತು. ಪೆಟ್ಟಿಗೆಯ ಗುಂಡಿ ತಿರುಗಿಸಿ ಸೌಂಡ್ ಏರಿಸಿದೆ. ಮತ್ತೆ ಹಾಡಿದೆ. ಮತ್ತೆ ಏರಿಸಿದೆ. ಗುಂಡಿ ಇನ್ನು ತಿರುಗುವುದಿಲ್ಲ ಎಂದಾಗ ನಿಲ್ಲಿಸಿದೆ. ಕಂಪ್ಯೂಟರಿನಲ್ಲೇ ಸಿಗುವ ತಬಲಾ, ಕೊಳಲು ಸೇರಿಸಿದೆ. ಆಮೇಲೆ ಎಕೋ. ಧಾರಾಳವಾಗಿ!

ಇದನ್ನೆಲ್ಲ ಪರೀಕ್ಷಿಸಿದ್ದು ಬಸ್‌ಸ್ಟ್ಯಾಂಡ್ ಎದುರು ಕೊಂಡಿದ್ದ ಇಯರ್‌ಫೋನಿನಲ್ಲಿ. ಅದರಲ್ಲಿ ಎಲ್ಲವೂ ಧುಂ ಧುಂ. ಆ ಧುಂ ಧುಂ ನಡುವೆ ನನ್ನ ಸ್ವರ ತೇಲುತ್ತಿತ್ತು. ಆಹಾ ಎಂದುಕೊಂಡು ಪೆನ್‌ಡ್ರೈವಿಗೆ ಹಾಕಿದೆ.

ನಿಶ್ಚಿತಾರ್ಥದ ದಿನ ಬೆಳ್ತಂಗಡಿಯ ಹಾಲ್ ತುಂಬಿತ್ತು. ವೇದಿಕೆಯ ಎರಡೂ ಬದಿ ಬೀರುವಿನಷ್ಟು ಎತ್ತರದ ಸ್ಪೀಕರ್‌ಗಳು. ವರನ ಕಡೆಯವರು ಬಾಗಿಲಿಗೆ ಬಂದರು. ನಾನು ಸೆರಗು ಸರಿಮಾಡಿಕೊಂಡು, ಮೊದಲೇ ಪೆನ್‌ಡ್ರೈವ್ ಕೊಟ್ಟಿದ್ದ ಸೌಂಡ್ಸಿನವರಿಗೆ ಕೈ ಎತ್ತಿ ತೋರಿಸಿದೆ.

ಕೊಳಲು ಬಂತು. ತಬಲಾ ಬಂತು. ದೂರದಲ್ಲೆಲ್ಲೋ ನಾನು ಬಂದೆ. ಮೊದಲ ಚರಣ ಮುಗಿಯಿತು. ಆಗ, ನನ್ನ ಸ್ವರಕ್ಕಿಂತ ಮೂರು ಪಟ್ಟು ಸ್ಪಷ್ಟವಾಗಿ, ಸಾಸಿವೆ ಸಿಡಿಯಿತು!

ಒಗ್ಗರಣೆಯ ಹಿಂದೆಯೇ ನನ್ನವರ ಸ್ವರ. ಫೋನಿನಲ್ಲಿ ಅಕ್ಕನೊಡನೆ, ತುಳುವಿನಲ್ಲಿ. ಹಾಲ್‌ನಲ್ಲಿ ತುಳು ಬಾರದವರು ಒಬ್ಬರೂ ಇರಲಿಲ್ಲ. ಅದರ ಕನ್ನಡ ಸಾರಾಂಶ ಇಷ್ಟು:

“ಅಕ್ಕಾ, ಅವಳ ಹಾಡು ಬೇಡ ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ನಾನು ಈ ಮನೆಯಲ್ಲಿ ಇರ್ಬೇಕಲ್ಲ? ನೀನೇ ಹೇಳು.”

ನನ್ನ ಎಕೋ ತನ್ನ ಕರ್ತವ್ಯ ಮಾಡಿತು. “ನೀನೇ ಹೇಳು... ಹೇಳು... ಹೇಳು...”

ವರನ ತಂದೆ ಬಾಗಿಲಲ್ಲೇ ನಿಂತರು. ಅತ್ತಿಗೆ ಆರತಿ ತಟ್ಟೆಯನ್ನೇ ದಿಟ್ಟಿಸಿದರು. ನನ್ನವರು ಕಂಬದ ಹಿಂದೆ ಸರಿದರು. ಕಂಬ ಸಪೂರ, ಅವರು ದಪ್ಪ. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅಷ್ಟರಲ್ಲಿ ವರನ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆಮೇಲೆ ವರ. ಆಮೇಲೆ ಮದುಮಗಳು. ಆಮೇಲೆ ಇಡೀ ಹಾಲ್! ವರನ ಕಡೆಯವರು ನಗುತ್ತಲೇ ಒಳಗೆ ಬಂದರು. ಹಾಗೆ ಒಳಬಂದವರು ಸಂಬಂಧ ಮುರಿದುಕೊಂಡು ಹೋಗುವುದಿಲ್ಲ ಎಂಬುದಷ್ಟೇ ನನಗೆ ಸಮಾಧಾನ.

ನಾನು ನೇರವಾಗಿ ಸೌಂಡ್ಸಿನವರ ಮೇಲೆ ಏರಿಹೋದೆ. “ನಿಮ್ಮ ಸ್ಪೀಕರ್ ಸರಿ ಇಲ್ಲ!”

“ಸ್ಪೀಕರ್ ಸರಿ ಇದ್ದದ್ದಕ್ಕೇ ಅದೆಲ್ಲ ಕೇಳಿದ್ದು ಟೀಚರ್,” ಎಂದರು ಆ ಮನುಷ್ಯ ತಣ್ಣಗೆ. “ಮೈಕಿನಲ್ಲಿ ಕಂಪನಿ ಗುರುತು ಇರ್ತದಲ್ಲ, ಅದು ಎಲ್ಲಿಗೆ ಮುಖ ಮಾಡಿತ್ತು?”

“ಬಾಗಿಲಿಗೆ.”

“ಅದೇ ಮೈಕಿನ ಮುಖ. ನೀವು ಹಾಡಿದ್ದು ಬೆನ್ನಿಗೆ. ಮೈಕ್ ಮಾತ್ರ ಫಸ್ಟ್ ಕ್ಲಾಸ್ ಉಂಟು. ಸಾಸಿವೆ ಎಷ್ಟು ಕ್ಲಿಯರ್!”

ಊಟದ ಪಂಕ್ತಿಯಲ್ಲಿ ಅತ್ತಿಗೆ ಪಕ್ಕದಲ್ಲಿ ಬಂದು ಕೂತರು. “ಬೇಜಾರಾ?” ಎಂದು ಮೆಲ್ಲ ಕೇಳಿದರು.

“ನೀವು ಆ ದಿನವೇ ಹೇಳಬಹುದಿತ್ತಲ್ಲ ಅತ್ತಿಗೆ?”

“ಧೈರ್ಯ ಬರ್ಲಿಲ್ಲ ಮಾರಾಯ್ತಿ,” ಎಂದು ತಮ್ಮ ಎಲೆಯ ಹೋಳಿಗೆಯನ್ನು ನನ್ನ ಎಲೆಗೆ ಹಾಕಿದರು. ಹೋಳಿಗೆ ಚೆನ್ನಾಗಿತ್ತು. ಕ್ಷಮಿಸಿದೆ.

ಮರುದಿನ ವರನ ತಂದೆಯ ಫೋನ್ ಬಂತು. ಕ್ಷಮೆ ಕೇಳಲು ನಾನು ಗಂಟಲು ಸರಿಮಾಡಿಕೊಂಡೆ. ಅವರು ಅವಸರದಿಂದ, “ಬೇಡ, ಬೇಡ, ಹಾಡ್ಬೇಡಿ! ನಿಮ್ಮ ಯಜಮಾನರಿಗೆ ಕೊಡಿ. ಎಂಥಾ ಸ್ವರ ಅವರದ್ದು! ಮದುವೆಯ ನಿರೂಪಣೆ ಅವರೇ ಮಾಡ್ಬೇಕು ಅಂತ ನಮ್ಮ ಅಮ್ಮ ಹಟ ಹಿಡಿದಿದ್ದಾರೆ,” ಎಂದರು.

ಈಗ ನನ್ನವರು ದಿನವೂ ಆ ಕೋಣೆಯಲ್ಲಿ, ಮೈಕಿನ ಸರಿಯಾದ ಬದಿಗೆ ನಿಂತು ಅಭ್ಯಾಸ ಮಾಡುತ್ತಿದ್ದಾರೆ. ಆ ಹೊತ್ತಿನಲ್ಲಿ ಅಡುಗೆಮನೆ ನನ್ನದು. ಒಗ್ಗರಣೆ ಹಾಕುವುದಿದ್ದರೆ ಮೊದಲು ಅವರ ಅಪ್ಪಣೆ ಕೇಳಬೇಕು.