ತಪ್ಪು ಕೈಯದೋ, ಎರ್ಹುವಿನದೋ

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಎಲ್ಲರೂ ನಗುತ್ತಾ ಹೇಳುತ್ತಾರೆಯೇ ಹೊರತು ಆ ನೆಲ ನಿಜಕ್ಕೂ ಡೊಂಕಾಗಿತ್ತೇ ಎಂದು ಒಬ್ಬರಾದರೂ ಹೋಗಿ ನೋಡಿದರೇ? ನಾನಂತೂ ಆ ಹೆಣ್ಣುಮಗಳ ಪಕ್ಷ. ಏಕೆಂದರೆ ಕಲಬುರಗಿಯ ನಮ್ಮ ಮನೆಯಲ್ಲಿ ಎರ್ಹು ಎಂಬ ಚೀನೀ ವಾದ್ಯವಿದೆ, ಅದನ್ನು ನುಡಿಸುವವನು ನಾನು.

ಎರ್ಹು ಎಂದರೆ ಒಂದು ಉದ್ದನೆಯ ಕೋಲು, ಎರಡೇ ತಂತಿ, ಬುಡದಲ್ಲಿ ಹಾವಿನ ಚರ್ಮ ಬಿಗಿದ ಪುಟ್ಟ ಡಬ್ಬಿ. ಕಮಾನು ಆ ಎರಡು ತಂತಿಗಳ ನಡುವೆ ಸಿಕ್ಕಿಕೊಂಡೇ ಇರುತ್ತದೆ, ಹೊರಗೆ ಬರುವುದಿಲ್ಲ. ಒಂದು ಕಡೆ ಅವ್ವ, ಇನ್ನೊಂದು ಕಡೆ ಹೆಂಡತಿ ಇರುವ ನನಗೆ ಅದರ ಕಷ್ಟ ಒಡನೆಯೇ ಅರ್ಥವಾಯಿತು. ಹೆಂಡತಿ ಸುಧಾಳ ತಮ್ಮ ವ್ಯಾಪಾರಕ್ಕೆಂದು ಚೀನಾಕ್ಕೆ ಹೋದಾಗ, ಹೊಸದಾಗಿ ಕಲಿಯುವವರಿಗೆಂದು ಮಾಡಿದ ಸಾದಾ ಎರ್ಹು ಒಂದನ್ನು ತಂದುಕೊಟ್ಟಿದ್ದ. ಬ್ಯಾಂಕಿನಿಂದ ಬಂದು ಚಹಾ ಕುಡಿದು, ಮೊಬೈಲಿನಲ್ಲಿ ಪಾಠ ಹಚ್ಚಿಕೊಂಡು ಕೂರುತ್ತಿದ್ದೆ. ಬಾಗಿಲ ಸಂದಿಯಲ್ಲಿ ಬಾಲ ಸಿಕ್ಕ ಬೆಕ್ಕಿನ ಸ್ವರ ಹೊರಡುತ್ತಿತ್ತು. ಶರಣಬಸವೇಶ್ವರ ಗುಡಿಗೆ ಹೊರಟ ಭಕ್ತರು ನಮ್ಮ ಕಿಟಕಿಯ ಹತ್ತಿರ ಬಂದಾಗ ಹೆಜ್ಜೆ ಬಿರುಸು ಮಾಡುತ್ತಿದ್ದರು.

ಇದರ ಮೇಲೆ ನಾಗರಪಂಚಮಿ ಬಂತು. ಮಡಿಯುಟ್ಟು ಕಲ್ಲು ನಾಗಪ್ಪನಿಗೆ ಹಾಲೆರೆದು ಬಂದ ಅವ್ವ, ಗೋಡೆಗೆ ಒರಗಿಸಿದ್ದ ಎರ್ಹುವಿನ ಚರ್ಮ ನೋಡಿ ನಿಂತಳು. "ನಾಗಪ್ಪನ ತೊಗಲ ಮನ್ಯಾಗ ಇಟ್ಕೊಂಡು ಹಬ್ಬದ ದಿನಾ ಹಂಗ ಬಿಡೂದೇನು?" ಎಂದವಳೇ ಅರಿಷಿಣ ಕುಂಕುಮ ಹಚ್ಚಿ, ತಂಬಿಗೆಯಲ್ಲಿ ಉಳಿದ ಹಾಲನ್ನು ಅದಕ್ಕೂ ಎರೆದುಬಿಟ್ಟಳು. ನಾನು ಮನೆಗೆ ಬರುವಷ್ಟರಲ್ಲಿ ಎರ್ಹು ತೃಪ್ತವಾಗಿ ತೊಟ್ಟಿಕ್ಕುತ್ತಿತ್ತು. ಒರೆಸಿದೆ, ಒಣಗಿಸಿದೆ. ಅಂದಿನಿಂದ ನನ್ನ ಅಪಸ್ವರಕ್ಕೆಲ್ಲ ಆ ಹಾಲೇ ಕಾರಣವೆಂದು ಬ್ಯಾಂಕಿನ ತುಂಬ ಹೇಳಿಕೊಂಡು ಬಂದೆ. ಸುಧಾ ಮಾತ್ರ, "ಹಾಲು ಬೀಳೂಕಿಂತ ಮೊದ್ಲೂ ಹಿಂಗೇ ಇತ್ತಲ್ರೀ" ಎಂದಳು.

ಹೀಗಿರುವಾಗ ಅವಳ ತಮ್ಮನ ಫೋನು. "ಮಾಮಾ, ಮತ್ತ ಚೀನಾಕ್ಕ ಹೊಂಟೀನಿ. ಈ ಸಲ ಚೊಲೋದು ಒಂದು ತರ್ಲೇನು? ಐತವಾರ ಸಂಜೀತನಕ ಹೇಳ್ರಿ."

ನನಗೆ ನಿದ್ದೆ ಹಾರಿಹೋಯಿತು. ಮೊಬೈಲಿನ ಗುರುಗಳು ಒಂದು ಮಾತು ಹೇಳಿದ್ದರು: ತಪ್ಪು ಕೈಯದೋ ವಾದ್ಯದ್ದೋ ಎಂದು ತಿಳಿಯುವವರೆಗೆ ವಾದ್ಯ ಬದಲಿಸಬಾರದು. ವಾದ್ಯದ್ದಾದರೆ ಸರಿ. ಕೈಯದಾದರೆ? ಇಷ್ಟು ದಿನ ಒದರಿದ್ದು ನಾನೇ ಎಂದಾಗುತ್ತದೆ. ಪಾಪ, ಅವ್ವನ ಹಾಲಿನ ಮೇಲೆ ಹೊರಿಸಿದ ಅಪವಾದವೂ ನನ್ನ ತಲೆಗೇ ಬರುತ್ತದೆ. ಕೌಂಟರಿನಲ್ಲಿ ಕೂತರೂ ಇದೇ ಚಿಂತೆ. ಕೊನೆಗೆ ಸುಧಾಳೇ ದಾರಿ ತೋರಿಸಿದಳು. "ಕಮಲಾಪುರದಾಗ ನಮ್ಮ ಕಾಕಾ ಅದಾರಲ್ಲ, ಅವರ ಕೈಯಾಗ ಕೊಟ್ಟು ನೋಡೂಣು."

ಈ ಕಾಕಾ, ಸುಧಾಳ ಚಿಕ್ಕಪ್ಪ, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಪಿಟೀಲಿನಲ್ಲಿ ಪಳಗಿದ ಕೈ. ಗಡುವಿನ ದಿನವಾದ ಭಾನುವಾರ ಬೆಳಿಗ್ಗೆ ಎರ್ಹುವನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಇಬ್ಬರೂ ಬಸ್ಸು ಹತ್ತಿದೆವು. ಮಹಾಗಾಂವದಲ್ಲಿ ಹತ್ತಿದವರೊಬ್ಬರು, "ಏನ್ರೀ ಸರ, ಬಂದೂಕೇನು?" ಎಂದು ಕೇಳಿದರು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕಾಕಾ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ತಿರುವಿದರು, ತಟ್ಟಿದರು, ಕಮಾನು ಹಿಡಿಯುವ ಬಗೆಯನ್ನು ನನ್ನಿಂದಲೇ ಕೇಳಿ ತಿಳಿದುಕೊಂಡರು. ಬಹಳ ಹೊತ್ತು ತಂತಿ ಬಿಗಿದರು. ಬಾಳೆಹಣ್ಣಿನ ತಾಟು ಹಿಡಿದು ಬಂದ ಅವರ ಹೆಂಡತಿ ಕಾಕು ಬಾಗಿಲಲ್ಲೇ ನಿಂತರು. ಸುಧಾ ನನ್ನ ಮುಖ ನೋಡುತ್ತಿದ್ದಳು. ಹಿರಿಯ ವಿದ್ವಾಂಸರ ಕೈಯಿಂದ ಅಪಸ್ವರ ಬರಲಿ ಎಂದು ರಾಯರಿಗೆ ಹರಕೆ ಹೊತ್ತವನು ಬಹುಶಃ ನಾನೊಬ್ಬನೇ. ಕಾಕಾ ಕಣ್ಣು ಮುಚ್ಚಿ ಕಮಾನು ಎಳೆದರು.

ಅದೇ ಬೆಕ್ಕು! ಮತ್ತೆ ಎಳೆದರು. ಮತ್ತೆ ಬೆಕ್ಕು. ನನ್ನ ಕಣ್ಣಲ್ಲಿ ನೀರು ಬಂತು.

"ಇದರ ತೊಗಲ ಸಡ್ಲ ಆಗ್ಯದ" ಎಂದರು ಕಾಕಾ. "ದೇವ್ರೇ ಬಂದು ನುಡಿಸಿದ್ರೂ ಇದು ಹಿಂಗೇ ಒದರ್ತದ. ಹೊಸಾದು ತರಸ್ರಿ." ನಾನು ಗೆದ್ದವನಂತೆ ಸುಧಾಳ ಕಡೆ ನೋಡಿ ಬಾಳೆಹಣ್ಣು ಸುಲಿದೆ. ಕಾಕಾ ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಹೊಸಾದು ಬಂದ ಮ್ಯಾಲ ಹಿಡ್ಕೊಂಡು ಬರ್ರಿ. ಆವಾಗ ನಿಮ್ಮ ಕೈ ಹೆಂಗದ ಅಂತ ಖರೇ ಗೊತ್ತಾಗ್ತದ" ಎಂದುಬಿಟ್ಟರು. ಸುಲಿದ ಬಾಳೆಹಣ್ಣನ್ನು ಮೆಲ್ಲಗೆ ತಾಟಿಗೇ ಹಿಂದಿಟ್ಟೆ.

ಹಿಂದಿರುಗುವಾಗ ಬಸ್ಸಿನಲ್ಲಿ ಒಂದೇ ಲೆಕ್ಕ ಹಾಕುತ್ತಾ ಕೂತೆ. ನಿರ್ದೋಷಿಯಾದ ವಾದ್ಯ ಮನೆಗೆ ಬಂದು, ಅದರಿಂದಲೂ ಬೆಕ್ಕೇ ಹೊರಟರೆ ಯಾರ ಹೆಸರು ಹೇಳಲಿ? ಸಂಜೆ ಫೋನು ಬಂದೇ ಬಂತು. "ಈ ಸಲ ಬ್ಯಾಡಪ್ಪಾ" ಎಂದೆ. "ಇದರಾಗೇ ಇನ್ನೂ ಕಲಿಯೂದು ಅದ." ಸುದ್ದಿ ಕಮಲಾಪುರಕ್ಕೂ ಮುಟ್ಟಿ, "ವಿದ್ಯಾರ್ಥಿ ಅಂದ್ರ ಹಿಂಗಿರಬೇಕು, ಏನು ವಿನಯ!" ಎಂದು ಕಾಕಾ ಹೊಗಳಿದರಂತೆ.

ಸುಧಾ ಹೊಗಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, "ಹೆದರೀರಿ, ಹೌದಲ್ರೀ?" ಎಂದಳು. ನಾನು ಎರ್ಹು ಎತ್ತಿಕೊಂಡು ಕಮಾನು ಎಳೆದೆ. ಓಣಿಯ ನಾಯಿಗಳೂ ದನಿಗೂಡಿಸಿದವು. ಅಷ್ಟು ನಿಶ್ಚಿಂತೆಯಿಂದ ನಾನು ಎಂದೂ ತಪ್ಪು ನುಡಿಸಿರಲಿಲ್ಲ.