ಅತ್ತೆ ಬೈಪಾಸ್‌ಗೆ ಹೋದದ್ದು

ನಾಲ್ಕು ಯುಪಿಎಸ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವುದು ಏನು ಮಹಾ? ಒಂದು ಸಂಸಾರವನ್ನೇ ತೂಗಿಸುತ್ತಿರುವ ನನಗೆ ಅದು ನೀರು ಕುಡಿದಷ್ಟು ಸುಲಭ ಎಂದು ನಂಬಿದ್ದೆ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಕರೆಂಟ್ ಹೋದರೂ ಸರ್ವರ್‌ಗಳು ನಿಲ್ಲದಿರಲಿ ಎಂದು ಸರ್ವರ್ ರೂಮಿನಲ್ಲಿ ನಾಲ್ಕು ಯುಪಿಎಸ್ ಇಟ್ಟಿದ್ದಾರೆ. ಅವು ಮನಸ್ಸು ಬಂದಾಗ ಕೂಗುತ್ತವೆ. ಯಾವುದು ಕೂಗಿತು, ಯಾಕೆ ಕೂಗಿತು ಎಂದು ಮೇಲಿನ ಮಹಡಿಯಿಂದ ಓಡಿ ಬಂದು ಒಂದೊಂದರ ಮುಖ ನೋಡುವುದು ನನ್ನ ಕೆಲಸ. ಮಂಡಿ ಹೋಗುವ ಮೊದಲು ಏನಾದರೂ ಮಾಡಬೇಕೆಂದು, ನಾಲ್ಕನ್ನೂ ಒಂದೇ ಪರದೆಯ ಮೇಲೆ ತೋರಿಸುವ ತಂತ್ರಾಂಶವನ್ನು ಒಂದು ಕಂಪ್ಯೂಟರಿಗೆ ಹಾಕಿದೆ. ಸಾಹೇಬರು ನೋಡಿ ಒಪ್ಪಿದರೆ ಹೊಸ ಕಟ್ಟಡದ ಯುಪಿಎಸ್‌ಗಳೂ ನನ್ನ ಆಡಳಿತಕ್ಕೆ. ಒಪ್ಪದಿದ್ದರೆ ಮತ್ತೆ ಮೆಟ್ಟಿಲು!

ತಂತ್ರಾಂಶ ಪ್ರತಿಯೊಂದಕ್ಕೂ ಹೆಸರು ಕೇಳಿತು. ಯಾವಾಗಲೂ ಕೂಗುವ, ಆದರೆ ಕೋಣೆಯ ಮುಕ್ಕಾಲು ಭಾರ ಹೊರುವ ದೊಡ್ಡದಕ್ಕೆ 'ಅತ್ತೆ' ಎಂದು ಹೆಸರಿಟ್ಟೆ. ಏನು ಹೇರಿದರೂ ತುಟಿ ಬಿಚ್ಚದ ಇನ್ನೊಂದು 'ಮಾವ'. ಉಳಿದೆರಡು 'ನಾದಿನಿ' ಮತ್ತು 'ಮೈದುನ'. ನನ್ನ ಹೆಸರನ್ನು ಯಾವುದಕ್ಕೂ ಇಡಲಿಲ್ಲ. ಎಲ್ಲರ ಮೇಲೂ ಕಣ್ಣಿಟ್ಟಿರುವ ಆ ಕಂಪ್ಯೂಟರ್ ಇದೆಯಲ್ಲ, ಅದೇ ನಾನು ಎಂದು ಒಳಗೊಳಗೇ ಬೀಗಿದೆ.

ಆಮೇಲೆ ತಂತ್ರಾಂಶ, ಎಚ್ಚರಿಕೆ ಕಳಿಸಲು ಎರಡನೆಯ ಮೊಬೈಲ್ ನಂಬರ್ ಕೊಡದೆ ಮುಂದೆ ಹೋಗುವುದಿಲ್ಲ ಎಂದು ಹಟ ಹಿಡಿಯಿತು. ನನ್ನ ಗಂಡ ಬಸವರಾಜರ ನಂಬರ್ ಕೊಟ್ಟೆ. ಅವರಿಗೆ ಹೇಳುವುದನ್ನು ಮರೆತೆ.

ಸಾಹೇಬರಿಗೆ ತೋರಿಸುವ ದಿನ ಬಂತು. ಹಾವೇರಿಯಿಂದ ಬಂದು ನಮ್ಮ ಜೊತೆಗಿರುವ ಅಸಲಿ ಅತ್ತೆ, ರೊಟ್ಟಿ ಡಬ್ಬಿಯನ್ನೂ ನಾನು ಮರೆತಿದ್ದ ಐಡಿ ಕಾರ್ಡನ್ನೂ ಹಿಡಿದು ಲಿಫ್ಟಿನ ತನಕ ಓಡಿ ಬಂದರು.

"ಶೈಲಾ, ಕಾರ್ಡ್ ಕೊರಳಾಗ ಹಾಕ್ಕೊಂಡು ಹೋಗವಾ. ಇಲ್ಲಾಂದ್ರ ಗೇಟಿನ್ಯಾಗ ನಿಲ್ಲಸ್ತಾರ."

ಸರ್ವರ್ ರೂಮಿನೊಳಗೆ ಮೊಬೈಲ್ ಒಯ್ಯುವಂತಿಲ್ಲ. ಹೊರಗೆ ಡ್ರಾಯರಿನಲ್ಲಿಟ್ಟೆ. ಸಾಹೇಬರಿಗೆ ಪರದೆಯ ಮೇಲಿನ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ, ಹಸಿರು ಚೌಕಗಳಷ್ಟೇ ಕಾಣುತ್ತಿದ್ದವು. ನಾನೂ ಗಾಂಭೀರ್ಯದಿಂದ "ಒಂದನೇ ಯೂನಿಟ್" ಎಂದೇ ಹೇಳುತ್ತಿದ್ದೆ.

"ಈಗ ಇದಕ್ಕೆ ಭಾರ ಜಾಸ್ತಿ ಮಾಡ್ತೀನಿ ಸಾರ್" ಎಂದು ನೀರು ಕಾಯಿಸುವ ಕೆಟಲನ್ನು ಅತ್ತೆಗೆ ಸಿಕ್ಕಿಸಿದೆ. ಭಾರ ಮಿತಿಮೀರಿದಾಗ ಯುಪಿಎಸ್ ತಾನು ಪಕ್ಕಕ್ಕೆ ಸರಿದು, ಹೊರಗಿನ ಕರೆಂಟನ್ನೇ ನೇರವಾಗಿ ದಾಟಿಸಿಬಿಡುತ್ತದೆ. ಇದಕ್ಕೆ ಬೈಪಾಸ್ ಎನ್ನುತ್ತಾರೆ. ಚೌಕ ಕೆಂಪಾಯಿತು, ಮೊಬೈಲ್‌ಗಳಿಗೆ ಎಚ್ಚರಿಕೆ ಹೋಯಿತು. ಸಾಹೇಬರು ತಲೆದೂಗಿದರು. ಹೊಸ ಕಟ್ಟಡ ನನ್ನದಾದಂತೆಯೇ!

ಕೆಟಲ್ ತೆಗೆದೆ. ಅತ್ತೆ ಸುಧಾರಿಸಿಕೊಂಡಿತು. 'ಈಗ ಎಲ್ಲ ಸರಿಯಿದೆ' ಎಂಬ ಸಂದೇಶ ಹೊರಡಬೇಕು ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು.

ನಾಲ್ಕೂ ಯುಪಿಎಸ್‌ಗಳು ಚೆನ್ನಾಗಿಯೇ ಭಾರ ಹೊತ್ತವು. ಸರ್ವರ್‌ಗಳು ಅಲುಗಾಡಲಿಲ್ಲ. ಆರಿಹೋದದ್ದು ಒಂದೇ, ಎಲ್ಲರನ್ನೂ ನೋಡಿಕೊಳ್ಳುವ ನನ್ನ ಕಂಪ್ಯೂಟರ್. ಅದನ್ನು ನಾನು ಯಾವ ಯುಪಿಎಸ್‌ಗೂ ಸಿಕ್ಕಿಸದೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದೆ.

ನಾನು ಕಪ್ಪು ಪರದೆಯ ಹಿಂದೆ ಬಗ್ಗಿ ವೈರು ಎಳೆಯುತ್ತಿದ್ದಾಗ ರಿಸೆಪ್ಷನ್ನಿನ ಮಂಜುಳಾ ಬಾಗಿಲು ಬಡಿದು ಒಳಗೆ ಬಂದಳು.

"ಮೇಡಂ, ನಿಮ್ಮ ಯಜಮಾನ್ರು ಫೋನ್ ಮಾಡಿದ್ರು. ನಿಮ್ಮ ಅತ್ತೆಗೆ ಬೈಪಾಸ್ ಅಂತೆ, ಕಂಡೀಷನ್ ಕ್ರಿಟಿಕಲ್ ಅಂತೆ. ಯಾವ ಆಸ್ಪತ್ರೆ ಅಂತ ಕೇಳ್ತಿದಾರೆ."

ಸಾಹೇಬರು ಧಡಕ್ಕನೆ ಎದ್ದು ನಿಂತರು. "ಇಂಥ ಟೈಮಲ್ಲಿ ಇಲ್ಲೇನಮ್ಮ ಮಾಡ್ತಿದೀರಾ? ನನ್ನ ಗಾಡಿ ತಗೊಂಡು ಹೊರಡಿ. ಅತ್ತೆ ಎಲ್ಲಿದಾರೆ?"

"ಇಲ್ಲೇ ಇದಾರೆ ಸಾರ್" ಎಂದು ದೊಡ್ಡ ಯುಪಿಎಸ್ ಕಡೆ ಕೈ ತೋರಿಸಿದೆ.

ಅದು ಕುಂಯ್ ಎಂದಿತು.

ಹೆಸರಿಟ್ಟ ಕಥೆಯನ್ನು ಆದ್ಯಂತ ಹೇಳಬೇಕಾಯಿತು. ಸಾಹೇಬರು ಗೋಡೆಯ ಕಡೆ ತಿರುಗಿ ನಿಂತು ಕೇಳಿದರು. ಅವರ ಭುಜ ಕುಲುಕುತ್ತಿದ್ದದ್ದು ಕೋಪಕ್ಕೋ ನಗುವಿಗೋ ತಿಳಿಯಲಿಲ್ಲ. ಕಡೆಗೆ ಹೇಳಿದರು: "ಮೊದ್ಲು ಮನೆಗೆ ಹೋಗಿ ಸಮಾಧಾನ ಮಾಡಿ. ನಾಳೆ ಬಂದು ಈ ಕಂಪ್ಯೂಟರ್‌ನ ಅತ್ತೆಗೆ ಸಿಕ್ಸಿ. ಆಮೇಲೆ ಹೊಸ ಬಿಲ್ಡಿಂಗ್ ಮಾತಾಡೋಣ."

ಅಷ್ಟು ಹೊತ್ತಿಗೆ ಹೊರಗೆ ಆಗಬೇಕಾದದ್ದೆಲ್ಲ ಆಗಿತ್ತು. ಮಹದೇವಪುರದ ಆಫೀಸಿನಲ್ಲಿದ್ದ ಬಸವರಾಜರು, 'ಅತ್ತೆ ಆನ್ ಬೈಪಾಸ್. ಸ್ಟೇಟಸ್ ಕ್ರಿಟಿಕಲ್' ಎಂಬ ಸಂದೇಶವನ್ನು ನಾನೇ ಕಳಿಸಿದ್ದೇನೆ ಎಂದುಕೊಂಡಿದ್ದರು. ನನ್ನ ಮೊಬೈಲ್ ಡ್ರಾಯರಿನಲ್ಲಿ. ಅತ್ತೆಯ ಮೊಬೈಲ್ ಬಿಡುವಿಲ್ಲದೆ ಎಂಗೇಜ್. ಗಾಬರಿಯಲ್ಲಿ ಸಂದೇಶವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಹಾವೇರಿಯಲ್ಲಿದ್ದ ಅತ್ತೆಯ ತಂಗಿ ಅದನ್ನು ಓದಿದ್ದು ಅತ್ತೆಯ ಜೊತೆ ಫೋನಿನಲ್ಲಿ ಮಾತಾಡುತ್ತಿರುವಾಗಲೇ.

"ಅಕ್ಕಾ, ನಿನಗ ಬೈಪಾಸ್ ಅಂತಲ್ಲ?"

"ಹೌದೇನು? ನನಗ ಯಾರೂ ಹೇಳೇ ಇಲ್ಲ ನೋಡು."

ನಾನು ಮನೆ ತಲುಪಿದಾಗ ಅತ್ತೆ ಇಳಕಲ್ ಸೀರೆಯುಟ್ಟು, ವಿಭೂತಿ ಹಚ್ಚಿಕೊಂಡು, ಬಟ್ಟೆ ತುಂಬಿದ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಸೋಫಾದ ಮೇಲೆ ಕುಳಿತಿದ್ದರು. ಊಟ ಮಾಡಿರಲಿಲ್ಲ.

"ಆಪರೇಷನ್ ಅಂದ್ರ ಖಾಲಿ ಹೊಟ್ಟೀಲೆ ಇರಬೇಕಲ್ಲವಾ? ನಡಿ, ಹೋಗೂಣು. ನೀ ಹೆದರಬ್ಯಾಡ."

ನನ್ನ ಕಣ್ಣಲ್ಲಿ ನೀರು ಬಂತು. ಅವರ ಕಾಲ ಬಳಿ ಕುಳಿತು ಎಲ್ಲವನ್ನೂ ಒಪ್ಪಿಸಿದೆ. ಮನೆಗೆ ಓಡಿ ಬಂದ ಬಸವರಾಜರೂ ಏದುಸಿರು ಬಿಡುತ್ತಾ ನಿಂತು ಕೇಳಿಸಿಕೊಂಡರು.

ಅತ್ತೆ ಬಟ್ಟೆಯ ಚೀಲವನ್ನು ಪಕ್ಕಕ್ಕೆ ಸರಿಸಿದರು. "ಅದು ಭಾಳ ಕೂಗತೈತೇನು?"

"ಭಾರ ಜಾಸ್ತಿಯಾದಾಗ ಮಾತ್ರ ಅತ್ತೆ."

"ಹಂಗಾರ ಹೆಸರು ಸರಿ ಐತಿ. ಇರ್ಲಿ ಬಿಡು" ಎಂದು ಎದ್ದು, ಮೂವರಿಗೂ ರೊಟ್ಟಿ ಬಡಿಸಿದರು.

ಮರುದಿನ ಕಂಪ್ಯೂಟರನ್ನು ಅತ್ತೆಗೆ ಸಿಕ್ಕಿಸಿದೆ. ತಂತ್ರಾಂಶ ಈ ಸಲ ಕಂಪ್ಯೂಟರಿಗೂ ಹೆಸರು ಕೇಳಿತು. ಇನ್ನೇನು ಬಿಂಕವೆಂದು 'ಸೊಸೆ' ಎಂದೇ ಕೊಟ್ಟೆ. ಹೊಸ ಕಟ್ಟಡದ ಎರಡು ಯುಪಿಎಸ್‌ಗಳನ್ನು ನೋಡಿಕೊಳ್ಳಲು ಸಾಹೇಬರು ಪರೀಕ್ಷಾರ್ಥ ಅಪ್ಪಣೆ ಕೊಟ್ಟರು. ಸಂಜೆ ಕರೆಂಟ್ ಹೋದಾಗ ಪರದೆ ಉರಿಯುತ್ತಲೇ ಇತ್ತು, ಸಂದೇಶವೂ ಸರಿಯಾಗಿ ಹೊರಟಿತು: 'ಸೊಸೆ ರನ್ನಿಂಗ್ ಆನ್ ಅತ್ತೆ. ಸ್ಟೇಟಸ್ ನಾರ್ಮಲ್.'

ಬಸವರಾಜರು ಅದನ್ನೂ ಗುಂಪಿಗೆ ಹಾಕಿದರು. ಈ ಸಲ ಯಾರೂ ಗಾಬರಿಯಾಗಲಿಲ್ಲ. ಹಾವೇರಿಯಿಂದ ಮಾತ್ರ ಒಂದು ಉತ್ತರ ಬಂತು: "ಇದು ನಮಗ ಮೊದಲ ಗೊತ್ತಿತ್ತಲ್ಲ."