ಸೋದರಮಾವನ ಹೊಟ್ಟೆ

ಎಲ್ಲಕ್ಕೂ ಮೂಲ ಅಣ್ಣ ರಾಜೇಂದ್ರನ ಸೊಂಟ. ಅದೊಂದು ಹಿಡಿದುಕೊಳ್ಳದೆ ಇದ್ದಿದ್ದರೆ ನಂಜುಂಡೇಶ ಅಕ್ಕನ ಮಗಳು ನಯನಳ ಮದುವೆಗೆ ನಂಜನಗೂಡಿನಿಂದ ಹಾಯಾಗಿ ಹೋಗಿ, ಅಕ್ಷತೆ ಹಾಕಿ, ಊಟ ಮಾಡಿ, ಎಲೆಯಡಿಕೆ ಮೆಲ್ಲುತ್ತ ವಾಪಸು ಬಂದುಬಿಡುತ್ತಿದ್ದ. ಆದರೆ ತಿ. ನರಸೀಪುರದ ಭಾವನ ಮನೆಯಲ್ಲೊಂದು ಪದ್ಧತಿ. ಮದುವೆಯ ಹಿಂದಿನ ದಿನ ಹೆಣ್ಣಿನ ಸೋದರಮಾವ ತೆಪ್ಪದಲ್ಲಿ ಹೊಳೆಯ ನಡುವಿಗೆ ಹೋಗಿ, ಕಪಿಲೆ ಕಾವೇರಿ ಕೂಡುವ ಜಾಗದಲ್ಲೇ ಬಾಗಿ ಬಿಂದಿಗೆ ತುಂಬಿಸಿಕೊಂಡು ಬರಬೇಕು. ಆ ನೀರು ಬಂದ ಮೇಲೆಯೇ ಹೆಣ್ಣಿಗೆ ಅರಿಶಿನದ ಸ್ನಾನ. ದಡದಲ್ಲಿ ತುಂಬಿದ ನೀರು ನಡೆಯುವುದಿಲ್ಲ. ದೊಡ್ಡ ಸೋದರಮಾವ ಹಾಸಿಗೆ ಹಿಡಿದಿದ್ದರಿಂದ ಕೆಲಸ ಚಿಕ್ಕವನ ತಲೆಗೆ ಬಂತು.

ನಂಜುಂಡೇಶನಿಗೆ ಈಜು ಬರುತ್ತಿರಲಿಲ್ಲ. ಕಪಿಲೆಯ ದಡದಲ್ಲೇ ಹುಟ್ಟಿ ಬೆಳೆದವನು ಇದನ್ನು ಯಾವ ಬಾಯಲ್ಲಿ ಹೇಳಿಕೊಳ್ಳುವುದು? ನಲವತ್ತೆರಡು ವರ್ಷದಲ್ಲಿ ಅವನು ಸ್ನಾನಘಟ್ಟದ ಮೂರನೆಯ ಮೆಟ್ಟಿಲು ದಾಟಿದವನಲ್ಲ. ಈ ಗುಟ್ಟು ಬಲ್ಲವಳು ಹೆಂಡತಿ ವನಿತಾ ಒಬ್ಬಳೇ. ಎಂಟು ದಿನ ನಿದ್ದೆಗೆಟ್ಟು ಕೊನೆಗೆ ಅವನು ಮೊಬೈಲಿನಲ್ಲಿ ಒಂದು ಲೈಫ್ ಜಾಕೆಟ್ ತರಿಸಿದ.

"ಅಂಗಿ ಮೇಲೇ ಹಾಕ್ಕೊಳ್ಳಿ. ಜೀವ ಉಳಿಸ್ಕೊಳ್ಳೋಕೆ ಎಂಥಾ ನಾಚ್ಕೆ?" ಎಂದಳು ವನಿತಾ.

"ಮೇಲೆ ಹಾಕ್ಕೊಂಡ್ರೆ ಭಾವ ಸಾಯೋವರ್ಗೂ ಆಡ್ಕೊಂಡು ನಗ್ತಾರೆ ಕಣೆ."

ಹಾಗಾಗಿ ಬನಿಯನ್ನಿನ ಮೇಲೆ ಕಿತ್ತಳೆ ಬಣ್ಣದ ಜಾಕೆಟ್, ಅದರ ಮೇಲೆ ಅಣ್ಣನ ದೊಡ್ಡ ರೇಷ್ಮೆ ಅಂಗಿ, ಅದರ ಮೇಲೆ ಶಲ್ಯ. ಕನ್ನಡಿಯಲ್ಲಿ ನೋಡಿಕೊಂಡರೆ ಐವತ್ತೆರಡು ಕೆಜಿಯ ನಂಜುಂಡೇಶನಿಗೆ ರಾತ್ರೋರಾತ್ರಿ ಬಸುರಿಯ ಹೊಟ್ಟೆ ಬಂದಿತ್ತು. ಬಸ್ಸಿನಲ್ಲಿ ಒಬ್ಬ ಮುದುಕ ಪಾಪವೆಂದು ಎದ್ದು ಸೀಟು ಬಿಟ್ಟುಕೊಟ್ಟ.

ಮದುವೆ ಮನೆಯ ಚಪ್ಪರಕ್ಕೆ ಕಾಲಿಡುತ್ತಿದ್ದಂತೆ ಭಾವನ ತಾಯಿ ಸಿದ್ದಲಿಂಗಮ್ಮ ಅಡ್ಡ ಬಂದರು.

"ಏನಪ್ಪ ನಂಜುಂಡೇಸ, ಓದ್ ತಿಂಗ್ಳು ಕಡ್ಡಿ ಅಂಗಿದ್ದೆ! ಒಟ್ಟೆಗೇನಾರ ನೀರು ಸೇರ್ಕಂಡದಾ?" ಎಂದು ಬೆರಳಿನಿಂದ ಒತ್ತಿಯೇ ಬಿಟ್ಟರು. "ಅಯ್ಯೋ, ಗಟ್ಟಿಗೆ ದಿಂಬಿದ್ದಂಗದೆ ಕಣ್ರವ್ವಾ!"

ಅಷ್ಟು ಸಾಕಾಯಿತು. ಬೀದಿಯ ಹೆಂಗಸರೆಲ್ಲ ಸುತ್ತುವರಿದರು. ಒಬ್ಬರು ಜೀರಿಗೆ ಕಷಾಯ ಕುಡಿಸಿದರು, ಇನ್ನೊಬ್ಬರು ಓಮದ ನೀರು. ನರ್ಸಿಂಗ್ ಓದುತ್ತಿದ್ದ ಪಕ್ಕದ ಮನೆಯ ಕವನ, "ಅಂಕಲ್, ಗುಂಡಿ ಬಿಚ್ಚಿ, ಒಂದ್ಸಲ ನೋಡ್ಬಿಡ್ತೀನಿ" ಎಂದು ಕೈಚಾಚಿದಳು. ನಂಜುಂಡೇಶ ಎರಡೂ ಕೈಯಲ್ಲಿ ಎದೆಯ ಗುಂಡಿ ಅವುಚಿಕೊಂಡು, "ಗ್ಯಾಸು ಅಷ್ಟೇ, ಬರೀ ಗ್ಯಾಸು" ಎನ್ನುತ್ತ ಹಿಂದಕ್ಕೆ ಸರಿದ.

ಭಾವ ಮಹಾದೇವಸ್ವಾಮಿ ದೊಡ್ಡ ಗಂಟಲಿನ, ದೊಡ್ಡ ಮೈಯ ಆಸಾಮಿ. ದೂರದಿಂದಲೇ ಗಹಗಹಿಸಿ ನಕ್ಕ. "ಬಾಮೈದ ತೆಪ್ಪ ಹತ್ತಕ್ಕೆ ಎದರ್ಕೊಂಡು ಒಟ್ಟೆ ಉಬ್ಬಿಸ್ಕೊಂಡವ್ನೆ. ಬಾರೋ, ನಾನಿದೀನಲ್ಲ ಜೊತೇಲಿ! ಸಣ್ಣೋನಾಗಿದ್ದಾಗ ಈ ಒಳೆ ಎಷ್ಟು ಸಲ ಈಜಿ ದಾಟಿದೀನೋ ಲೆಕ್ಕವಿಲ್ಲ."

ಭಾವ ಅವನನ್ನು ಎಳೆದುಕೊಂಡು ದಡಕ್ಕೆ ಬಂದ. ಹೊಳೆ ತುಂಬಿಕೊಂಡು ಕೆಂಪಗೆ ಸಾಗುತ್ತಿತ್ತು. ತೆಪ್ಪದ ಕಲ್ಲಯ್ಯ ಹುಟ್ಟು ಹಿಡಿದು ಕಾಯುತ್ತಿದ್ದ.

"ಲೈಫ್ ಜಾಕೆಟ್ ಗೀಕೆಟ್ ಇಟ್ಟಿಲ್ವಾ?" ಎಂದು ನಂಜುಂಡೇಶ ಏನೂ ಅರಿಯದವನಂತೆ ಕೇಳಿದ.

"ನಾಕಿದ್ವು ಸಾ. ಎರಡ ಇಲಿ ಕಡ್ದವೆ, ಇನ್ನೆರಡ ಟೂರಿಸ್ಟ್‌ನೋರು ಆಕ್ಕಂಡಂಗೇ ಒಂಟೋದ್ರು. ನೀವು ತಳದಲ್ಲಿ ಕುಂತ್ಕಳಿ ಸಾಕು. ತೆಪ್ಪದಲ್ಲಿ ಯಾರೂ ಎದ್ ನಿಂತ್ಕಬಾರ್ದು, ಅಷ್ಟೇಯ."

ಕಲ್ಲಯ್ಯ ಹೊಟ್ಟೆ ನೋಡಿ ಭಾರ ಅಳೆಯುವವನು. ದಪ್ಪಗೆ ಕಂಡ ಇಬ್ಬರನ್ನೂ ಎದುರುಬದುರು ಕೂರಿಸಿದ. ತೆಪ್ಪ ಬಿಟ್ಟ ಕೂಡಲೇ ಅದು ಭಾವನ ಕಡೆಗೆ ವಾಲಿತು. ಕಲ್ಲಯ್ಯ ನಂಜುಂಡೇಶನ ಹೊಟ್ಟೆಯನ್ನು ಅನುಮಾನದಿಂದ ನೋಡಿ, "ಇದೇನ್ ಸಾ, ನಿಮ್ದು ತೂಕವೇ ಇಲ್ವಲ್ಲ!" ಎಂದು ಗೊಣಗಿದ. ನಂಜುಂಡೇಶ ಕಣ್ಣು ಮುಚ್ಚಿ ನಂಜುಂಡೇಶ್ವರನನ್ನು ನೆನೆದ.

ನಡುಹೊಳೆ ಬಂತು. ಉಸಿರು ಬಿಗಿಹಿಡಿದು, ಅಂಚಿಗೆ ಎದೆಯೂರಿ, ಬಿಂದಿಗೆ ಮುಳುಗಿಸಿದ. ಗುಳುಗುಳು ಎಂದು ನೀರು ತುಂಬುತ್ತಿತ್ತು. ಇನ್ನೇನು, ಮುಗಿಯಿತು ಎನ್ನುವಷ್ಟರಲ್ಲಿ ಭಾವ ಮೊಬೈಲ್ ಹಿಡಿದು ಎದ್ದು ನಿಂತ.

"ಇತ್ಲಾಗ್ ತಿರುಗೋ, ವಿಡಿಯೋ ಮಾಡ್ತೀನಿ!"

"ಕುಂತ್ಕಳಿ ಬುದ್ದೀ!" ಎಂದು ಕಲ್ಲಯ್ಯ ಕಿರುಚಿದ್ದೂ ತೆಪ್ಪ ಗಿರ್ರನೆ ತಿರುಗಿದ್ದೂ ಒಟ್ಟಿಗೇ ಆಯಿತು. ಭಾವ ಬೀಳುವಾಗ ಕೈಗೆ ಸಿಕ್ಕ ಶಲ್ಯ ಹಿಡಿದ. ಶಲ್ಯದ ಹಿಂದೆ ನಂಜುಂಡೇಶ, ಅವನ ಹಿಂದೆ ಬಿಂದಿಗೆ, ಎಲ್ಲ ಹೊಳೆಗೆ.

ಸತ್ತೆ ಎಂದುಕೊಂಡ ನಂಜುಂಡೇಶ ಮೂಗುಬಾಯಿಗೆ ನೀರು ಹೋಗಿ ಕೆಮ್ಮುತ್ತ ಮೇಲೆ ಬಂದ. ಬಂದವನು ಮೇಲೇ ಉಳಿದ. ಭಾವ ಅವನ ಕುತ್ತಿಗೆ ತಬ್ಬಿಕೊಂಡಿದ್ದ. ಆದರೂ ಇಬ್ಬರೂ ಮುಳುಗಲಿಲ್ಲ. "ತೆಪ್ಪಕ್ಕೆ ಅತ್ಬೇಡಿ, ಮಗುಚ್ಕತದೆ! ಉಟ್ಟು ಇಡ್ಕಳಿ!" ಎಂದು ಕೂಗಿದ ಕಲ್ಲಯ್ಯ ಇಬ್ಬರನ್ನೂ ದಡದವರೆಗೆ ಎಳೆದು ತಂದ.

ದಡದಲ್ಲಿ ಜನ ಸೇರಿದ್ದರು. ನಂಜುಂಡೇಶ ಕೆಮ್ಮುತ್ತ ತೆವಳಿಕೊಂಡು ಮೇಲೆ ಬಂದ. ಆದರೆ ಅವರು ಕಂಡದ್ದೇ ಬೇರೆ.

"ನೋಡ್ದಾ! ಅಂಥಾ ಒಟ್ಟೆ ಇಟ್ಕಂಡು ಭಾವನ್ನ ಎತ್ಕಂಡು ಈಜ್‌ಬುಟ್ಟ!"

"ಕಪಿಲೆ ನೀರು ಕುಡ್ದೋನು, ಸುಮ್ಕೆನಾ!"

ಸಿದ್ದಲಿಂಗಮ್ಮ ದೃಷ್ಟಿ ತೆಗೆದರು. ಆಮೇಲೆ ಇನ್ನೊಂದು ಬಿಂದಿಗೆ ತಂದು ಅವನ ಕೈಗಿತ್ತರು. "ರಾಹುಕಾಲಕ್ಕೆ ಇನ್ನು ಮುಕ್ಕಾಲು ಗಂಟೆ ಅದೆ. ಎಣ್ಣು ಕಾಯ್ತಾ ಕುಂತದೆ. ಓಗ್ಬಾ ಮಗಾ."

ನಂಜುಂಡೇಶ ತಳದಲ್ಲಿ ತೂತೇನಾದರೂ ಇದೆಯೇ ಎಂದು ಬಿಂದಿಗೆ ತಿರುಗಿಸಿ ನೋಡಿದ. ಅಷ್ಟರಲ್ಲಿ ಕವನ ಮೊದಲುಗೊಂಡು ಐದಾರು ಹೆಂಗಸರು, ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ತೆಪ್ಪದತ್ತ ನುಗ್ಗಿದರು. "ನಾವೂ ಬತ್ತೀವಿ. ನಂಜುಂಡೇಶಣ್ಣ ಇರೋವಾಗ ಭಯ ಏನು?"

ಆ ಮಕ್ಕಳನ್ನು ನೋಡಿದ್ದೇ ಅವನಿಗೆ ತನ್ನ ಮರ್ಯಾದೆಯ ಚಿಂತೆ ಹಾರಿಹೋಯಿತು.

"ಯಾರೂ ಹತ್ಬೇಡಿ! ನಂಗೆ ಈಜು ಬರಲ್ಲ!" ಎಂದು ಅರಚಿ, ಅಂಗಿಯ ಗುಂಡಿಗಳನ್ನು ಚಟಚಟನೆ ಬಿಚ್ಚಿದ. ಕಿತ್ತಳೆ ಬಣ್ಣ ಬಿಸಿಲಿಗೆ ಫಳಫಳ ಹೊಳೆಯಿತು.

ನಂಜುಂಡೇಶ ತಲೆತಗ್ಗಿಸಿ ಭಾವನ ನಗುವಿಗಾಗಿ ಕಾದ. ನಗು ಬರಲಿಲ್ಲ. ತಲೆಯೆತ್ತಿದರೆ ಮಹಾದೇವಸ್ವಾಮಿ ಎರಡೂ ಕೈಯಲ್ಲಿ ತನ್ನ ಅಂಗಿಯ ಗುಂಡಿ ಅವುಚಿಕೊಂಡು ಮೆಲ್ಲಗೆ ಜನರ ಹಿಂದಕ್ಕೆ ಸರಿಯುತ್ತಿದ್ದ. ಸಿದ್ದಲಿಂಗಮ್ಮ ಮಗನ ಕೈ ಕಿತ್ತು ಅಂಗಿ ಎಳೆದರು. ಒಳಗೆ ನೀಲಿ ಬಣ್ಣದ್ದು, ಇದಕ್ಕಿಂತ ಎರಡು ಸೈಜು ದೊಡ್ಡದು.

"ಒಳೆ ಈಜಿ ದಾಟಿದ್ದೆ ಅಂತಿದ್ದಲ್ಲೋ!"

"ಅದು... ಬ್ಯಾಸ್ಗೇಲಿ ಅವ್ವ. ನಡ್ಕೊಂಡು."

ನಂಜುಂಡೇಶನಿಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಇನ್ನು ಮುಚ್ಚಿಡುವುದೇನೂ ಇಲ್ಲ, ಜಾಕೆಟ್ಟನ್ನು ಅಂಗಿಯ ಮೇಲೇ ಹಾಕಿಕೊಂಡು ರಾಜನಂತೆ ಹೋಗಿಬರಬಹುದು.

"ಎರಡನ್ನೂ ಬಿಚ್ಚಿ" ಎಂದರು ಸಿದ್ದಲಿಂಗಮ್ಮ. "ನಮ್ಮನೆ ಸೋದರಮಾವ ಬರೀ ಮೈಲೇ ಬಾಗ್ಬೇಕು. ಆಗ್ಲೇ ಇದ್ನ ಏಳ್ಬೇಕು ಅನ್ಕಂಡೆ, ಒಟ್ಟೆ ನೋವಿನೋನು ಅಂತ ಸುಮ್ಕಾದೆ. ಅದ್ಕೇ ಗಂಗವ್ವ ಮುನಿಸ್ಕಂಡ್ಲು. ಈಗ ನಾನೇ ಜೊತೇಲಿ ಬತ್ತೀನಿ."

ಕಿತ್ತಳೆಯದನ್ನು ಅವರು ಸೀರೆಯ ಮೇಲೆ ತೊಟ್ಟರು. ನೀಲಿಯದನ್ನು ಕಲ್ಲಯ್ಯನಿಗೆ ಎಸೆದರು. "ನೀ ಆಕ್ಕೋ. ಉಟ್ಟು ಆಕೋನು ಉಳುದ್ರೆ ತಾನೆ ನಾನು ದಡ ಸೇರಾದು?" ಮಗನ ಕಡೆ ತಿರುಗಿ, "ನೀನು ಬ್ಯಾಡ, ತಿರ್ಗಾ ಎದ್ ನಿಂತ್ಕತೀಯ" ಎಂದರು.

ತೆಪ್ಪ ದಡ ಬಿಟ್ಟಿತು. ಎರಡು ಜಾಕೆಟ್ಟುಗಳ ನಡುವೆ ಒದ್ದೆ ಪಂಚೆಯ ಐವತ್ತೆರಡು ಕೆಜಿಯ ನಂಜುಂಡೇಶ ಬಿಂದಿಗೆ ತಬ್ಬಿಕೊಂಡು ಗಡಗಡ ನಡುಗುತ್ತ ಕೂತಿದ್ದ. ದಡದಲ್ಲಿ ಮಹಾದೇವಸ್ವಾಮಿ ಟವೆಲಿನಲ್ಲಿ ಮೈ ಒರೆಸಿಕೊಳ್ಳುತ್ತ ಕೂಗಿ ಹೇಳಿದ:

"ಎದರ್ಕೋಬೇಡ ಕಣೋ ಬಾಮೈದ, ನಾನಿಲ್ಲೇ ಇದೀನಿ!"